ರೆಡ್ ಅಲರ್ಟ್ ದಿನ ಆಫೀಸು: ಮಕ್ಕಳಿಗೆ ರಜೆ ಉಂಟು, ಕೆಲಸಕ್ಕೆ ಹೋಗುವವರು ಏನು ಕೇಳಬೇಕು?

ಪ್ರಶ್ನೆ ಕೇಳಿದವರು: ಬಯಲುಸೀಮೆಯವಳು

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ಕಡೆಯವಳು. ಓದು ಮುಗಿಸಿ ಮಂಗಳೂರಿಗೆ ಬಂದು ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫೀಸು ಕೊಡಿಯಾಲಬೈಲಿನಲ್ಲಿದೆ, ನಾನಿರುವ ಪಿ.ಜಿ. ಕೊಟ್ಟಾರ ಚೌಕಿ ಹತ್ತಿರ. ಈ ಊರಿನ ಮಳೆಯಲ್ಲಿ ಹುಟ್ಟಿ ಬೆಳೆದವರನ್ನೇ ಕೇಳಬೇಕಾದ ಒಂದು ವಿಷಯ ಇದೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಮಳೆ ಜೋರಾದ ರಾತ್ರಿ ನಮ್ಮ ಪಿ.ಜಿ.ಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಡಿಸಿ ರಜೆ ಕೊಟ್ರಾ?" ಪಿಯುಸಿ ಹುಡುಗಿಯರು ವಾಟ್ಸಾಪ್ ನೋಡುತ್ತಾ ಕೂತಿರುತ್ತಾರೆ. ಹಳೆಯ ಆದೇಶಕ್ಕೆ ತಾರೀಕು ತಿದ್ದಿ ಯಾರೋ ಹರಿಬಿಟ್ಟಿರುತ್ತಾರೆ. ಅದು ಸುಳ್ಳು ಅಂತ ಗೊತ್ತಾಗಿ ಎಲ್ಲರ ಮುಖ ಸಣ್ಣದಾಗುತ್ತದೆ. ಆಮೇಲೆ ನಿಜವಾದದ್ದು ಬರುತ್ತದೆ: ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ. ಅವರು ಹೊದ್ದು ಮಲಗುತ್ತಾರೆ. ನಾನು ಮತ್ತು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ರೂಮ್‌ಮೇಟ್ ಅಲಾರಂ ಇಟ್ಟುಕೊಳ್ಳುತ್ತೇವೆ.

ನಮ್ಮ ಆಫೀಸಿನಲ್ಲಿ ಮಳೆಗೆ ಅಂತ ಯಾವ ನಿಯಮವೂ ಇಲ್ಲ. ಬರಬೇಕು. ಆಗದಿದ್ದರೆ ಸಿ.ಎಲ್. (ಸಾಂದರ್ಭಿಕ ರಜೆ) ಹಾಕಬೇಕು. ಸರ್ ಒಳ್ಳೆಯವರೇ. "ಜಾಗ್ರತೆ ಬನ್ನಿ ಮಾರಾಯ್ರೆ, ಗಡಿಬಿಡಿ ಮಾಡಬೇಡಿ" ಅಂತ ಫೋನ್ ಮಾಡಿ ಹೇಳುತ್ತಾರೆ. ಆದರೆ ಬರಬೇಡಿ ಅಂತ ಹೇಳುವುದಿಲ್ಲ.

ಅವರ ಕಷ್ಟವೂ ನನಗೆ ಗೊತ್ತು. ಇಲ್ಲಿ ಮಳೆ ಜಾಸ್ತಿ ಬೀಳುವ ತಿಂಗಳೇ ನಮಗೆ ಕೆಲಸ ಜಾಸ್ತಿ ಇರುವ ತಿಂಗಳು. ಮಂಗಳೂರಿನಲ್ಲಿ ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದೇ ಜುಲೈ 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಮಾರಾಟದ ಲೆಕ್ಕ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ, 31ಕ್ಕೆ ಮೊದಲ ಮೂರು ತಿಂಗಳ ಟಿಡಿಎಸ್ ರಿಟರ್ನು. ಸಂಬಳದವರ ಇನ್‌ಕಮ್ ಟ್ಯಾಕ್ಸ್ ರಿಟರ್ನಿಗೂ ಮಾಮೂಲಾಗಿ ಅದೇ 31 ಕಡೆ ದಿನ. 2025ರಲ್ಲಿ ಅದು ಸೆಪ್ಟೆಂಬರ್‌ಗೆ ಹೋದಾಗ ಆಫೀಸಿನಲ್ಲಿ ಎಲ್ಲರೂ ಒಮ್ಮೆ ಉಸಿರುಬಿಟ್ಟಿದ್ದೆವು. ದಿನ ತಪ್ಪಿದರೆ, ಐದು ಲಕ್ಷದ ಮೇಲೆ ಆದಾಯ ಇರುವವರು 5,000 ರೂಪಾಯಿ ತೆರಬೇಕು. ಮಳೆ ಇತ್ತು ಅಂದರೆ ಪೋರ್ಟಲ್ ಕೇಳುತ್ತದಾ?

ಮನೆಯಿಂದ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಅರ್ಧ ಕೆಲಸ ಮಾಡಬಹುದು. ಇನ್ನರ್ಧಕ್ಕೆ ಡಿಜಿಟಲ್ ಸಹಿಯ ಟೋಕನ್ ಬೇಕು. ಅವು ಪೆನ್‌ಡ್ರೈವ್ ತರಹ ಇರುತ್ತವೆ. ಒಂದೊಂದಕ್ಕೂ ಕ್ಲೈಂಟ್ ಹೆಸರಿನ ಚೀಟಿ ಅಂಟಿಸಿ ಸರ್ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ. ಯಾರದೋ ಸಹಿ ಅದು, ಪಿ.ಜಿ.ಗೆ ಒಯ್ಯಲು ಬಿಡುವುದಿಲ್ಲ, ಬಿಡಲೂಬಾರದು. ಬಿಲ್ಲು, ವೋಚರುಗಳ ಕಟ್ಟು ಕೂಡ ಆಫೀಸಿನಲ್ಲೇ. ಜುಲೈಯಲ್ಲಿ ಆ ಕಾಗದಗಳು ಮೆತ್ತಗಾಗಿರುತ್ತವೆ. ಪಂಚಿಂಗ್ ಮಷಿನ್ ಒತ್ತಿದರೆ ತೂತು ಬೀಳುವುದಿಲ್ಲ, ಕಾಗದ ಒಳಗೇ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಲಕೋಟೆಗಳು ಗೋಂದು ಕರಗಿ ತಾವಾಗಿಯೇ ಅಂಟಿಕೊಂಡಿರುತ್ತವೆ. ಇದೆಲ್ಲ ನಮ್ಮೂರಿನಲ್ಲಿ ನಾನು ಕಂಡೇ ಇರಲಿಲ್ಲ.

ನಮ್ಮ ಕಡೆ ವರ್ಷವಿಡೀ ಬೀಳುವ ಮಳೆ 500 ಮಿ.ಮೀ. ಒಳಗೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು ಸಾಮಾನ್ಯವಾಗಿ 24 ಗಂಟೆಯಲ್ಲಿ 204.4 ಮಿ.ಮೀ. ದಾಟಬಹುದು ಅನ್ನುವಾಗ. ಅಂದರೆ ಅಂಥ ಮೂರು ದಿನ ಸುರಿದರೆ ನಮ್ಮ ಒಂದು ವರ್ಷದ ಮಳೆ ಮುಗಿಯಿತು. ನಮ್ಮಲ್ಲಿ ಒಳ್ಳೆ ಮಳೆ ಬಂದ ದಿನ ಅಪ್ಪ ಅಂಗಡಿ ಮುಚ್ಚಿ ಹೊಲಕ್ಕೆ ಹೋಗುತ್ತಾರೆ, ಶೇಂಗಾ ಬಿತ್ತನೆಗೆ. ಆ ದಿನ ಅಂಗಡಿ ಯಾಕೆ ಮುಚ್ಚಿದೆ ಅಂತ ಯಾರೂ ಕೇಳುವುದಿಲ್ಲ.

ಈಗ ನನ್ನ ತಲೆ ತಿನ್ನುತ್ತಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಆಫೀಸಿನಲ್ಲಿ ಗುಡಿಸಿ ಒರೆಸಿ ಚಾ ಮಾಡುವ ಒಬ್ಬರು ಅಕ್ಕ ಇದ್ದಾರೆ. ತೊಕ್ಕೊಟ್ಟಿನ ಒಳಗಿನಿಂದ ಎರಡು ಬಸ್ಸು ಹಿಡಿದು, ನೇತ್ರಾವತಿ ದಾಟಿ ಬರುತ್ತಾರೆ. ಎಂಟೂವರೆಗೆ ಬಾಗಿಲು ತೆರೆಯುವುದು ಅವರೇ. ಅವರದು ದಿನಗೂಲಿ, ಬಂದ ದಿನಕ್ಕೆ ಮಾತ್ರ ದುಡ್ಡು. ಮೊನ್ನೆ ರೆಡ್ ಅಲರ್ಟ್ ಇದ್ದ ದಿನ ನಾನು ತಲುಪುವಾಗ ಅವರು ಬಾಗಿಲ ಹತ್ತಿರ ಹಳೇ ಪೇಪರ್ ಹಾಸುತ್ತಿದ್ದರು, ನಾವು ಜಾರಬಾರದು ಅಂತ. ಅವರ ಸೀರೆ ಮೊಣಕಾಲಿನವರೆಗೆ ಒದ್ದೆ. ನೆರಿಗೆ ಹಿಂಡಿದ ಗುರುತು ಹಾಗೇ ಇತ್ತು. ಬೇರೆ ಬಟ್ಟೆ ಚೀಲದಲ್ಲಿತ್ತು, ಇನ್ನೂ ಬದಲಾಯಿಸಿರಲಿಲ್ಲ. ಮಗ ಆರನೇ ಕ್ಲಾಸು. ಶಾಲೆಗೆ ರಜೆ, ಹಾಗಾಗಿ ಮನೆಯಲ್ಲಿ ಒಬ್ಬನೇ. ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದರು. "ದಾನೆ ಮಲ್ಪುನಿ" ಅಂದರು, ಏನು ಮಾಡುವುದು ಅಂತ. ಅಷ್ಟು ತುಳು ನನಗೆ ಈಗ ಅರ್ಥವಾಗುತ್ತದೆ.

ಮಗುವಿಗೆ ರಜೆ ಸಿಕ್ಕಿತು, ಅಮ್ಮನಿಗೆ ಸಿಗಲಿಲ್ಲ. ನಾವೆಲ್ಲ ಸೇರಿ ಮಳೆ ದಿನ ಮನೆಯಿಂದ ಕೆಲಸ ಕೊಡಿ ಅಂತ ಕೇಳಿ, ಸರ್ ಒಪ್ಪಿ, ಆಫೀಸು ಮುಚ್ಚಿದರೆ ನಮಗೆ ಸಂಬಳ ಬರುತ್ತದೆ, ಅಕ್ಕನ ಆ ದಿನದ ಕೂಲಿ ಹೋಗುತ್ತದೆ. ಹಾಗಾದರೆ ನಾವು ಕೇಳುವುದು ಸರಿಯಾ? ನಿಮ್ಮ ಆಫೀಸುಗಳಲ್ಲಿ ಏನು ಮಾಡುತ್ತೀರಿ? ಮಳೆ ಇಲ್ಲಿ ಹೇಳಿ ಕೇಳಿ ಪ್ರತಿ ವರ್ಷ ಬರುವಂಥದ್ದು. ಅದಕ್ಕೆ ಅಂತ ಒಂದು ವ್ಯವಸ್ಥೆ ಮೊದಲೇ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಇದ್ದರೆ ಹೇಳಿ.


ಉತ್ತರ: ಪುತ್ತೂರಿನವ

ತಂಗಿ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಪುತ್ತೂರು ತಾಲೂಕಿನವನು, ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ, ವಾರಕ್ಕೊಮ್ಮೆ ಮನೆಗೆ ಹೋಗುತ್ತೇನೆ. ವ್ಯವಸ್ಥೆ ಮೊದಲೇ ಇರಬೇಕಿತ್ತು ಅಂದಿರಲ್ಲ, ಇಲ್ಲಿ ಅದು ಇತ್ತು. ಈಗಲೂ ಸ್ವಲ್ಪ ಉಂಟು. ಆಫೀಸುಗಳು ಅದನ್ನು ನೋಡಲಿಲ್ಲ ಅಷ್ಟೆ.

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ ಅಂತ ಬರುತ್ತದೆ, ಮೇ 24-25ರ ಹೊತ್ತಿಗೆ. ಅಲ್ಲಿಗೆ ಭೂತಗಳ ಕೋಲ, ನೇಮ, ದೇವಸ್ಥಾನದ ಜಾತ್ರೆ ಎಲ್ಲ ನಿಂತಿತು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಶುರುವಾಗುವುದು ದೀಪಾವಳಿ ಆದ ಮೇಲೆ. ಬಯಲಿನಲ್ಲಿ ಮಾಡುವ ಯಾವುದನ್ನೂ ಮಳೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಹಿರಿಯರು ಲೆಕ್ಕ ಹಾಕಿದ್ದರು. ಕಲಾವಿದರು ಆ ತಿಂಗಳುಗಳಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಬರುತ್ತಾರೆ, ಮನೆಯ ಒಳಗೇ ಸಣ್ಣದೊಂದು ಪ್ರಸಂಗ ಆಡಿ, ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಕೆಲಸ ನಿಂತಾಗ ಹೊಟ್ಟೆಗೆ ಏನು ಅನ್ನುವುದಕ್ಕೂ ಒಂದು ದಾರಿ ಇತ್ತು.

ಹಾಗಂತ ಹಳೆ ಕಾಲ ಸುಖವಾಗಿತ್ತು ಅಂತ ನಾನು ಹೇಳುವುದಿಲ್ಲ. ಆಟಿ ತಿಂಗಳೆಂದರೆ (ತುಳುವರ ಆಷಾಢ) ಈಗ ಪತ್ರೊಡೆ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜದ ಪಲ್ಯ ಅಂತ ಹೋಟೆಲುಗಳಲ್ಲಿ ಮೇಳ ಮಾಡುತ್ತಾರೆ. ನನ್ನ ಅಜ್ಜಿ ಕೇಳಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಅವರಿಗೆ ಆಟಿ ಅಂದರೆ ನೇಜಿ (ಭತ್ತದ ಸಸಿ) ನೆಟ್ಟು ಮುಗಿದು, ಕೂಲಿ ಇಲ್ಲದೆ, ಅಕ್ಕಿ ಮುಗಿಯುತ್ತಾ ಬಂದ ತಿಂಗಳು. ಗುಡ್ಡದಲ್ಲಿ ಸಿಕ್ಕಿದ ಸೊಪ್ಪು, ಒಣಗಿಸಿಟ್ಟ ಹಲಸಿನ ಬೀಜ ತಿಂದದ್ದು ಅದಕ್ಕೆ. ಮತ್ತೆ ಮಳೆಯಲ್ಲಿ ಕೆಲಸ ಮಾಡುತ್ತಿರಲಿಲ್ಲ ಅನ್ನುವುದೂ ಸುಳ್ಳು. ನೇಜಿ ನೆಡುವುದು ಮಳೆಯಲ್ಲೇ. ಬೆನ್ನ ಮೇಲೆ ಮಳೆ ತಡೆಯುವ ಗೊರಬೆ ಹಾಕಿಕೊಂಡು ಹೆಂಗಸರು ಬಗ್ಗಿ ನಿಂತರೆ ಏಳುವುದು ಊಟಕ್ಕೆ. ನಿಮ್ಮ ಅಕ್ಕನ ಅಜ್ಜಿಯೂ ಹಾಗೆ ನಿಂತವರಿರಬಹುದು.

ಇನ್ನೊಂದು ವಿಷಯ. ನನಗೆ ರಜೆ ಬೇಕಾಗುವುದು ಮಳೆ ದಿನ ಅಲ್ಲ, ಬಿಸಿಲು ಬಂದ ದಿನ. ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದು ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಬಿಟ್ಟ ಮದ್ದು ಕಾಯಿಗೆ ಹಿಡಿಯಬೇಕಾದರೆ ಕೆಲವು ಗಂಟೆ ಒಣ ಹವೆ ಸಿಗಬೇಕು. ಜುಲೈಯಲ್ಲಿ ಅದು ಯಾವಾಗ ಸಿಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಅಪ್ಪ ಫೋನ್ ಮಾಡುತ್ತಾರೆ, "ಇವತ್ತು ಬಿಸಿಲುಂಟು, ಜನ ಬಂದಿದ್ದಾರೆ, ಬರ್ತೀಯಾ?" ಮರ ಹತ್ತುವವರು ಕಡಿಮೆಯಾಗಿದ್ದಾರೆ. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದದ ಕೋಲು) ನೆಲದಿಂದಲೇ ಬಿಡುತ್ತಾರೆ, ಅದಕ್ಕೂ ಪೈಪು ಹಿಡಿಯಲು ಒಬ್ಬರು ಬೇಕು. ಮ್ಯಾನೇಜರಿಗೆ ಬಿಸಿಲು ಬಂದಿದೆ ರಜೆ ಕೊಡಿ ಅಂತ ಹೇಳಿದರೆ ಅರ್ಥವಾಗುವುದಿಲ್ಲ. ಕಳೆದ ಸಲ ಬಂದ ಮ್ಯಾನೇಜರು ತೀರ್ಥಹಳ್ಳಿಯವರು, ಅದೂ ಅಡಿಕೆ ಸೀಮೆ, ಅವರಿಗೆ ಮಾತ್ರ ಹೇಳುವ ಮೊದಲೇ ಅರ್ಥವಾಗಿತ್ತು.

ಹಾಗಾಗಿ ಎಲ್ಲರಿಗೂ ಒಂದೇ ತರಹದ ಮಳೆ ರಜೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ವರ್ಷಕ್ಕೆ ಕೆಲವು ದಿನ, ಹವೆ ನೋಡಿಕೊಂಡು, ಮೊದಲೇ ಅರ್ಜಿ ಹಾಕದೆ ತೆಗೆದುಕೊಳ್ಳುವ ರಜೆ ಕೊಟ್ಟರೆ ಸಾಕು. ಕೊಟ್ಟಾರದವರು ನೀರು ನಿಂತ ದಿನ ತೆಗೆದುಕೊಳ್ಳಲಿ, ನಾನು ಬಿಸಿಲಿನ ದಿನ ತೆಗೆದುಕೊಳ್ಳುತ್ತೇನೆ.


ಉತ್ತರ: ಮಲ್ಪೆ ಬದಿಯವಳು

ನನ್ನ ಅಪ್ಪ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ನಾನು ಉಡುಪಿಯಲ್ಲಿ ಕಂಪ್ಯೂಟರ್ ಕೆಲಸ. ನಮ್ಮ ಮನೆಯಲ್ಲಿ ಮಳೆ ರಜೆ ಅಂದರೆ ಏನು ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಕ್ಕನ ಪ್ರಶ್ನೆ ನಮ್ಮದೂ ಹೌದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಸಮಯ, ಕಡಲೂ ಜೋರು. ನಿಯಮ ಸರಿಯೇ, ನಮ್ಮವರೂ ಬೇಡ ಅನ್ನುವುದಿಲ್ಲ. ಮಲ್ಪೆ ಬಂದರಿನಲ್ಲಿ ಆಗ ಬಂದು ನೋಡಿ, ಬೋಟಿಗೆ ಬೋಟು ತಾಗಿಸಿ ನಿಲ್ಲಿಸಿರುತ್ತಾರೆ. ಬಲೆ ಬಿಚ್ಚಿ ದುರಸ್ತಿ ಮಾಡುತ್ತಾರೆ. ಹೊರಗಿನಿಂದ ಬಂದ ಕಲಾಸಿಗಳು (ಬೋಟಿನ ಕೆಲಸದವರು) ಊರಿಗೆ ಹೋಗುತ್ತಾರೆ. ಆದರೆ ಬೋಟಿನಲ್ಲಿ ತಿಂಗಳ ಸಂಬಳ ಇಲ್ಲ, ಹಿಡಿದ ಮೀನಿನಲ್ಲಿ ಪಾಲು. ಮೀನಿಲ್ಲದಿದ್ದರೆ ಪಾಲು ಎಲ್ಲಿಂದ?

ಅದಕ್ಕೆ ಒಂದು ಯೋಜನೆ ಉಂಟು, ಉಳಿತಾಯ ಮತ್ತು ಪರಿಹಾರ ಯೋಜನೆ ಅಂತ. ಮೀನುಗಾರ ಸೀಸನ್ನಿನಲ್ಲಿ 1,500 ರೂಪಾಯಿ ಕಟ್ಟಬೇಕು. ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕುತ್ತವೆ. ಒಟ್ಟು 4,500, ಮೀನಿಲ್ಲದ ತಿಂಗಳುಗಳಲ್ಲಿ ವಾಪಸ್ ಕೊಡುತ್ತಾರೆ. ಅಷ್ಟರಲ್ಲಿ ಮನೆ ನಡೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅಮ್ಮ ಒಣಮೀನು ಮಾರಿ, ಚೀಟಿ ಎತ್ತಿ ನಡೆಸುತ್ತಿದ್ದರು. ಆದರೆ ಆ ಯೋಜನೆಯ ಹಿಂದಿನ ಯೋಚನೆ ನನಗೆ ಇಷ್ಟ. ದುಡಿಯಲಾಗದ ದಿನ ಬರುತ್ತದೆ ಅಂತ ಗೊತ್ತಿದೆ, ಆ ದಿನಕ್ಕೆ ದುಡಿಯುವವನೂ ಹಾಕಬೇಕು, ನಿಲ್ಲಿಸು ಅಂದವರೂ ಹಾಕಬೇಕು.

ನಿಮ್ಮ ಆಫೀಸಿನಲ್ಲೂ ಹಾಗೇ ಮಾಡಬಹುದು ಅಲ್ವಾ? ಆಫೀಸು ಮುಚ್ಚುವುದು ನೀವು. ಹಾಗಾದರೆ ಮುಚ್ಚಿದ ದಿನದ ಅಕ್ಕನ ಕೂಲಿ ಆಫೀಸಿನದು. ಸರ್ ಕೊಡದಿದ್ದರೆ ನೀವೆಲ್ಲ ಸೇರಿ ಕೊಡಿ. ನಿಮಗೆ ಆ ದಿನ ಬಸ್ ಚಾರ್ಜು, ಹೊರಗಿನ ಊಟ ಎರಡೂ ಉಳಿದಿರುತ್ತದೆ. ತಲೆಗೆ ಇಷ್ಟು ಅಂತ ಹಾಕಿದರೆ ಯಾರಿಗೂ ಭಾರವಾಗುವುದಿಲ್ಲ.


ಉತ್ತರ: ಬೈಕಿನವ

ನಾನು ಊಟ ತಲುಪಿಸುವ ಕೆಲಸ ಮಾಡುತ್ತೇನೆ, ಕದ್ರಿ, ಬಿಜೈ, ಲಾಲ್‌ಬಾಗ್ ಕಡೆ. ಡಿಗ್ರಿ ಆಗಿದೆ, ಒಳ್ಳೆ ಕೆಲಸ ಸಿಗುವವರೆಗೆ ಇದು.

ನಿಮ್ಮೆಲ್ಲರಿಗೂ ಮನೆಯಿಂದ ಕೆಲಸ ಸಿಕ್ಕಿದ ದಿನ ನನಗೆ ಆರ್ಡರ್ ಜಾಸ್ತಿ. ಬೇಡ ಅನ್ನುವುದಿಲ್ಲ, ಮಳೆ ದಿನ ಸ್ವಲ್ಪ ಹೆಚ್ಚು ದುಡ್ಡು ಬರುತ್ತದೆ. ಆದರೆ ನೀರು ನಿಂತ ರಸ್ತೆಯಲ್ಲಿ ಗುಂಡಿ ಎಲ್ಲಿದೆ ಅಂತ ಕಾಣುವುದಿಲ್ಲ. ಮುಂದೆ ಹೋಗುವ ಬಸ್ಸಿನ ಚಕ್ರ ಎಲ್ಲಿ ಇಳಿಯುತ್ತದೆ ಅಂತ ನೋಡಿಕೊಂಡು ಅದರ ಹಿಂದೆಯೇ ಹೋಗುತ್ತೇನೆ. ಫೋನು ಪ್ಲಾಸ್ಟಿಕ್ ಕವರಿನಲ್ಲಿ. ಕವರಿನ ಮೇಲೆ ಹನಿ ಬಿದ್ದರೆ ಪರದೆ ತಾನಾಗಿ ಒತ್ತಿಕೊಳ್ಳುತ್ತದೆ, ಬೆರಳು ಒದ್ದೆಯಾದರೆ ನಾನು ಒತ್ತಿದ್ದು ತೆಗೆದುಕೊಳ್ಳುವುದಿಲ್ಲ. ಯಾವುದಾದರೂ ಅಂಗಡಿಯ ಮಾಡಿನ ಅಡಿಯಲ್ಲಿ ನಿಂತು, ಅಂಗಿಯ ಒಳಗಿನ ಬದಿಯಲ್ಲಿ ಕೈ ಒರೆಸಿಕೊಂಡು ಲೊಕೇಶನ್ ನೋಡಬೇಕು. ಅಷ್ಟರಲ್ಲಿ ಫೋನ್ ಬರುತ್ತದೆ, ಎಲ್ಲಿದ್ದೀರಿ ಅಂತ.

ರಾಜ್ಯದಲ್ಲಿ 2025ರಲ್ಲಿ ನಮ್ಮಂಥ ಗಿಗ್ ಕಾರ್ಮಿಕರಿಗೆ ಒಂದು ಕಾಯ್ದೆ ಬಂದಿದೆ, ಕಂಪನಿಗಳು ನಮಗೆ ಕೊಡುವ ದುಡ್ಡಿನ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಹಾಕಬೇಕು ಅಂತ. ಒಳ್ಳೆಯದೇ. ನಾನು ನಿಮ್ಮ ಹತ್ತಿರ ಕೇಳುವುದು ಸಣ್ಣ ವಿಷಯ. ಮಳೆ ಜೋರಿದ್ದಾಗ ಗೇಟಿನ ಹತ್ತಿರ ಕೊಡೆ ಹಿಡಿದುಕೊಂಡು ಬನ್ನಿ. ನಾನು ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಗೆ ಹತ್ತಿದರೆ ಮೆಟ್ಟಿಲೆಲ್ಲ ನೀರು. ಆಮೇಲೆ ಅದನ್ನು ಒರೆಸುವುದೂ ನಿಮ್ಮ ಆಫೀಸಿನ ಅಕ್ಕನಂಥ ಇನ್ನೊಬ್ಬರೇ.


ಬಯಲುಸೀಮೆಯವಳು:

ಬೈಕಿನವರೇ, ನಿಮ್ಮ ಮಾತು ನಮ್ಮ ಪಿ.ಜಿ. ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಗೇಟಿಗೆ ಹೋಗುತ್ತೇವೆ ಅಂದಿದ್ದಾರೆ. ಮಲ್ಪೆಯವರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮಲ್ಲಿಗೆ ಬೋಟಿನ ಮಾಲಕರು ಕೆಲವರು ಲೆಕ್ಕ ತರುತ್ತಾರೆ. ಜೂನ್‌ನಲ್ಲಿ ಅವರು ಬಿಡುವಾಗಿರುತ್ತಾರೆ, ಆದರೂ ನಾವು ಅವರ ಫೈಲ್ ತೆರೆಯುವುದು ಜುಲೈ ಕೊನೆಗೆ, ಅವರು ಕಡಲಿಗೆ ಇಳಿಯುವ ತಯಾರಿಯಲ್ಲಿರುವಾಗ. ಇದು ಸರಿ ಮಾಡಬಹುದಾದದ್ದು.

ಒಂದು ಸಂಶಯ. ರೆಡ್ ಅಲರ್ಟ್ ದಿನ ಅಂತ ನಿಯಮ ಮಾಡಿದರೆ, ಆ ದಿನ ಬಿಸಿಲು ಬಂದರೆ? ಸರ್ ಹೇಳುವುದು ಅದನ್ನೇ. "ಅವರು ಹೇಳಿದ ದಿನ ಮಳೆ ಇಲ್ಲ, ಹೇಳದ ದಿನ ಉಂಟು" ಅಂತ.


ಉತ್ತರ: ಮಣಿಪಾಲದಿಂದ

ನಿಮ್ಮ ಸರ್ ಹೇಳುವುದು ಎಲ್ಲರೂ ಹೇಳುವುದೇ. ಆದರೆ ಅಲರ್ಟ್ ಹೇಗೆ ಕೊಡುತ್ತಾರೆ ಅಂತ ತಿಳಿದರೆ ಅಷ್ಟು ಸಿಟ್ಟು ಬರುವುದಿಲ್ಲ.

ಎಚ್ಚರಿಕೆ ಕೊಡುವುದು ಜಿಲ್ಲೆಗೆ. ದಕ್ಷಿಣ ಕನ್ನಡ ಜಿಲ್ಲೆ ಅಂದರೆ ಕಡಲ ಬದಿಯ ಉಳ್ಳಾಲವೂ ಹೌದು, ಘಟ್ಟದ ಬುಡದ ಬೆಳ್ತಂಗಡಿ, ಸುಳ್ಯವೂ ಹೌದು. ನೈಋತ್ಯದ ಗಾಳಿ ಕಡಲಿನ ತೇವ ಹೊತ್ತು ಬಂದು ಘಟ್ಟಕ್ಕೆ ಹೊಡೆದು ಮೇಲೇರುತ್ತದೆ, ಅಲ್ಲಿ ತಂಪಾಗಿ ಸುರಿಯುತ್ತದೆ. ಬೆಳ್ತಂಗಡಿಯಲ್ಲಿ ಧೋ ಅಂತ ಸುರಿಯುವಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಿಸಿಲು ಇರಬಹುದು. ಎಚ್ಚರಿಕೆ ಸುಳ್ಳಾಗಲಿಲ್ಲ, ನಿಮ್ಮ ತಲೆಯ ಮೇಲೆ ಬೀಳಲಿಲ್ಲ ಅಷ್ಟೆ. ಇನ್ನೊಂದು, ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ, ಮುಗಿಯುವುದು ಮರುದಿನ ಎಂಟೂವರೆಗೆ. ಬುಧವಾರದ ಅಲರ್ಟಿನ ಮಳೆ ಗುರುವಾರ ಬೆಳಗಿನ ಜಾವ ಬಿದ್ದರೂ ಅದು ಬುಧವಾರದ ಲೆಕ್ಕ.

ನಗರಕ್ಕೆ ಮುಖ್ಯವಾದದ್ದು ದಿನದ ಒಟ್ಟು ಮಳೆಗಿಂತ ಗಂಟೆಯಲ್ಲಿ ಎಷ್ಟು ಬಿತ್ತು ಅನ್ನುವುದು. 200 ಮಿ.ಮೀ. ಇಡೀ ದಿನ ಹದವಾಗಿ ಬಿದ್ದರೆ ತೋಡುಗಳು (ಸಣ್ಣ ಹಳ್ಳಗಳು) ಹೊತ್ತುಕೊಂಡು ಹೋಗುತ್ತವೆ. ಅದರ ಅರ್ಧ ಎರಡು ಗಂಟೆಯಲ್ಲಿ ಬಿದ್ದರೆ ಕೊಟ್ಟಾರ ಚೌಕಿ ಮುಳುಗುತ್ತದೆ. ಆ ಹೊತ್ತಿಗೆ ಕಡಲಿನಲ್ಲಿ ಭರತ (ಉಬ್ಬರ) ಇದ್ದರೆ ಹೊಳೆಯ ನೀರು ಬೇಗ ಇಳಿಯುವುದಿಲ್ಲ, ತೋಡಿನ ನೀರು ಹಿಂದಕ್ಕೆ ನಿಲ್ಲುತ್ತದೆ. ಮೊದಲು ಆ ನೀರು ಗದ್ದೆಗಳಲ್ಲಿ ನಿಲ್ಲುತ್ತಿತ್ತು. ಗದ್ದೆಗೆ ಮಣ್ಣು ಹಾಕಿ ಮನೆ ಕಟ್ಟಿದ ಮೇಲೆ ನಿಲ್ಲಲು ಉಳಿದದ್ದು ರಸ್ತೆ ಒಂದೇ. 2018ರ ಮೇ 29ರಂದು ಮಂಗಳೂರಿನಲ್ಲಿ ನೆರೆ ಬಂದದ್ದು ನೆನಪಿರುವವರು ಇಲ್ಲಿ ಇರುತ್ತಾರೆ, ಇನ್ನೂ ಮುಂಗಾರು ಸರಿಯಾಗಿ ಹಿಡಿದೇ ಇರಲಿಲ್ಲ. ಉಡುಪಿಯಲ್ಲಿ 2020ರ ಸೆಪ್ಟೆಂಬರ್ 20. ಮಳೆಗಾಲ ಮುಗಿಯುತ್ತಾ ಬಂತು ಅಂತ ಎಲ್ಲರೂ ಅಂದುಕೊಂಡಿದ್ದ ಹೊತ್ತು. ಕಲ್ಸಂಕದ ಇಂದ್ರಾಣಿ ತೋಡು ಉಕ್ಕಿ ಮನೆಯೊಳಗೆ ನೀರು, ಜನರನ್ನು ದೋಣಿಯಲ್ಲಿ ಕರೆತಂದರು. ಅವತ್ತು ಭಾನುವಾರ. ವಾರದ ದಿನ ಆಗಿದ್ದರೆ ಎಷ್ಟು ಜನ ರಸ್ತೆಯಲ್ಲಿ ಇರುತ್ತಿದ್ದರು ಅಂತ ನಾನು ಈಗಲೂ ಯೋಚಿಸುತ್ತೇನೆ.

ಹಾಗಾಗಿ ನಿಯಮವನ್ನು ಅಲರ್ಟಿಗೆ ಮಾತ್ರ ಕಟ್ಟಬೇಡಿ. ಡಿಸಿ ಶಾಲೆಗೆ ರಜೆ ಕೊಟ್ಟ ದಿನ ಅಂತ ಇಡಿ. ಅವರು ಇಲಾಖೆಯ ಎಚ್ಚರಿಕೆ, ಹೊಳೆಯ ಮಟ್ಟ, ರಸ್ತೆ ಎಲ್ಲ ನೋಡಿ ಆದೇಶ ಮಾಡುತ್ತಾರೆ. ಎಲ್ಲರಿಗೂ ತಿಳಿಯುವ ಆದೇಶ, ವಾದಕ್ಕೆ ಜಾಗ ಇಲ್ಲ. ಮತ್ತೆ ಆಫೀಸಿನ ಗೋಡೆಯ ಮೇಲೆ 1077 ಬರೆದಿಡಿ, ಅದು ಜಿಲ್ಲಾ ವಿಪತ್ತು ನಿರ್ವಹಣೆಯ ಸಹಾಯವಾಣಿ. ಏಪ್ರಿಲ್-ಮೇಯ ಸಂಜೆ ಸಿಡಿಲಿಗೆ, ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಆ ಗುಡುಗು ಮಳೆಯ ಸಿಡಿಲೂ ಜೀವಕ್ಕೆ ಅಪಾಯ.


ಉತ್ತರ: ಎಚ್.ಆರ್. ಉಡುಪಿ

ಕಾನೂನಿನ ಬಗ್ಗೆ ಎರಡು ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಮಳೆ ರಜೆ ಅಂತ ಇಲ್ಲ. 20 ದಿನ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ, ವರ್ಷಕ್ಕೆ 12 ದಿನ ಅನಾರೋಗ್ಯ ರಜೆ ಇದೆ. ಗುಡಿಸಿ ಒರೆಸುವವರೂ ಆಫೀಸಿನ ಉದ್ಯೋಗಿಯೇ. ಜನ ಅದನ್ನು ಮರೆಯುತ್ತಾರೆ. ಆ ರಜೆಯ ಲೆಕ್ಕ ಅಕ್ಕನಿಗೂ ಇಡಬೇಕು.

ನನ್ನ ಸಲಹೆ: ಒಂದೊಂದು ಮಳೆ ದಿನದ ಕೂಲಿಗೆ ಚೌಕಾಸಿ ಮಾಡುವ ಬದಲು, ಅಕ್ಕನನ್ನು ತಿಂಗಳ ಸಂಬಳಕ್ಕೆ ತರಲು ಕೇಳಿ. ತಿಂಗಳ ಸಂಬಳ ಆದರೆ ಮಳೆ ಬಂದರೂ, ಮಗನಿಗೆ ಜ್ವರ ಬಂದರೂ ಪ್ರಶ್ನೆಯೇ ಬರುವುದಿಲ್ಲ. ಮಲ್ಪೆಯವರು ಹೇಳಿದ ನಿಧಿ ಒಳ್ಳೆ ಮನಸ್ಸಿನದು. ಆದರೆ ಜೊತೆಗೆ ಕೆಲಸ ಮಾಡುವವರು ಕೊಡುವುದು ಉಪಕಾರ ಆಗುತ್ತದೆ, ಆಫೀಸು ಕೊಡುವುದು ಅವರ ಹಕ್ಕು. ತೆಗೆದುಕೊಳ್ಳುವವರಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ. ಮತ್ತೆ ಯಾವುದನ್ನು ಕೇಳುವ ಮೊದಲೂ ಅಕ್ಕನಿಗೆ ಏನು ಬೇಕು ಅಂತ ಅವರನ್ನೇ ಕೇಳಿದ್ದೀರಾ? ಇಲ್ಲಿಯವರೆಗೆ ಯಾರೂ ಆ ಮಾತು ಎತ್ತಿಲ್ಲ.


ಬಯಲುಸೀಮೆಯವಳು:

ಕೆಲವು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಚ್.ಆರ್. ಅವರ ಕೊನೆಯ ಸಾಲು ಓದಿದ ಮರುದಿನವೇ ಅಕ್ಕನ ಹತ್ತಿರ ಕೂತು ಕೇಳಿದೆ. ಚಾ ಆದ ಮೇಲೆ, ಯಾರೂ ಇಲ್ಲದಾಗ.

ಅವರು ಕೂಲಿಯ ಮಾತು ಆಮೇಲೆ ಆಡಿದರು. ಮೊದಲು ಹೇಳಿದ್ದು ಬೀಗದ ಕೈ ಬಗ್ಗೆ. ಬಾಗಿಲು ತೆರೆಯುವುದು ಅವರ ಕೆಲಸ ಆದ್ದರಿಂದ ಏಳೂ ಕಾಲರ ಬಸ್ಸು ಹಿಡಿಯಲೇಬೇಕು. ಮಳೆ ದಿನ ಆ ಹೊತ್ತಿಗೆ ಇನ್ನೂ ಕತ್ತಲು ಕತ್ತಲು, ಅವರ ಮನೆಯಿಂದ ಮುಖ್ಯ ರಸ್ತೆಗೆ ಬರುವ ದಾರಿಯಲ್ಲಿ ಒಂದು ತೋಡು ದಾಟಬೇಕು. ಹತ್ತು ಗಂಟೆಗೆ ಬಂದರೆ ಸಾಕು ಅಂದರೆ ಮಗನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಮಳೆ ಸ್ವಲ್ಪ ಕಡಿಮೆಯಾದಾಗ ಹೊರಡಬಹುದು. "ಕೆಲಸ ಬಿಡುವುದು ಬೇಡ, ಹೊತ್ತು ಸ್ವಲ್ಪ ಆಚೆ ಈಚೆ ಆದರೆ ಆಯಿತು" ಅಂದರು. ನಾನು ಇಷ್ಟು ದಿನ ರಜೆ, ದುಡ್ಡು ಅಂತ ಯೋಚಿಸುತ್ತಿದ್ದೆ. ಬೀಗದ ಕೈ ನನ್ನ ಕಣ್ಣೆದುರಿಗೇ ಇತ್ತು.

ಆಮೇಲೆ ನಾವು ಮೂವರು ಸೇರಿ ಸರ್ ಹತ್ತಿರ ಮಾತಾಡಿದೆವು. ಅವರು ಇರುವುದು ಕದ್ರಿಯಲ್ಲಿ, ಕಾರಿದೆ. ಶಾಲೆಗೆ ರಜೆ ಘೋಷಿಸಿದ ದಿನ ಬಾಗಿಲು ಅವರೇ ತೆರೆಯುತ್ತಾರೆ. ಟೋಕನ್ ಬೇಕಾದ ಕೆಲಸ ಇರುವವರು ಮಾತ್ರ ಹತ್ತರ ಮೇಲೆ ಬರುವುದು, ಉಳಿದವರು ಮನೆಯಿಂದ. ಅಕ್ಕ ಹತ್ತಕ್ಕೆ ಬಂದರೂ ಪೂರ್ತಿ ಕೂಲಿ, ಬರಲಾಗದಿದ್ದರೂ ಆ ದಿನದ್ದು ಕಡಿತ ಮಾಡುವುದಿಲ್ಲ. ಸಂಬಳದವರಿಗೆ ಅವರ ಕಂಪನಿ ಕೊಡುವ ಟಿಡಿಎಸ್ ಪತ್ರ, ಫಾರ್ಮ್ 16, ಜೂನ್ 15ರೊಳಗೆ ಬರಬೇಕು, ಬಂದ ಕೂಡಲೇ ಸಂಬಳದವರ ರಿಟರ್ನು ಶುರು ಮಾಡುವುದು. ಬೋಟಿನವರಿಗೆ ಜೂನ್ ಮೊದಲ ವಾರದಲ್ಲೇ ಫೋನ್ ಮಾಡುವುದು. ಜುಲೈ ಕೊನೆಯ ವಾರಕ್ಕೆ ಕೆಲಸ ಆದಷ್ಟು ಕಡಿಮೆ ಉಳಿಯುವ ಹಾಗೆ.

ತಿಂಗಳ ಸಂಬಳದ ವಿಷಯಕ್ಕೆ ಮಾತ್ರ "ಏಪ್ರಿಲ್‌ನಲ್ಲಿ ನೋಡುವ" ಅಂದಿದ್ದಾರೆ. ನನಗೆ ಅದು ಸಾಲದು. ಬಾಯಿಮಾತಿನಲ್ಲಿ ಬಿಟ್ಟರೆ ಮರೆತುಹೋಗುತ್ತದೆ. ಎಚ್.ಆರ್. ಅವರೇ, ಇಂಥದ್ದಕ್ಕೆ ಬರೆದು ಕೊಡುವ ಪತ್ರದ ಮಾದರಿ ನಿಮ್ಮ ಹತ್ತಿರ ಇದ್ದರೆ ಇಲ್ಲಿ ಹಾಕಿ. ಕನ್ನಡದಲ್ಲೇ ಇರಲಿ, ಅಕ್ಕನೂ ಓದಿ ಸಹಿ ಹಾಕುತ್ತೇನೆ ಅಂದಿದ್ದಾರೆ.